ಬಾವಿ ದೂರ

ದೇವಯ್ಯ ಮೇಷ್ಟ್ರು ಅಂಜುಬುರುಕರಾಗಿದ್ದರು. ಈ ಮಾತನ್ನು ಮೆತ್ತಗೆ ಮಾಡಿ ಹೇಳಲು ಹಲವರು ನೋಡಿದ್ದಾರೆ. ವಿನಯವಂತರು ಎಂದವರುಂಟು, ಕಾಲ ಅರಿತು ನಡೆದವರು ಎಂದವರುಂಟು. ಎರಡೂ ಸರಿಯಲ್ಲ. ವಿನಯವಿರುವವನು ತನ್ನವರ ಮುಂದೆಯೂ ವಿನಯದಿಂದ ಇರುತ್ತಾನೆ. ದೇವಯ್ಯ ಮೇಷ್ಟ್ರು ತಮ್ಮ ಕೇರಿಯೊಳಗೆ ಗಟ್ಟಿಯಾಗಿಯೇ ಮಾತಾಡುತ್ತಿದ್ದರು, ಮಕ್ಕಳ ಬೆನ್ನಿಗೆ ಬಾರಿಸುತ್ತಲೂ ಇದ್ದರು. ಪೇಟೆ ಬೀದಿಗೆ ಕಾಲಿಟ್ಟರೆ ದನಿ ಇಳಿಯುತ್ತಿತ್ತು. ಕಚೇರಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಅಡಗಿಯೇ ಹೋಗುತ್ತಿತ್ತು. ಮೇಲಿನವರು ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾಕು, ತಪ್ಪು ಯಾವುದೆಂದು ತಿಳಿಯುವ ಮೊದಲೇ "ಕೈತಪ್ಪು ಸ್ವಾಮಿ" ಎಂದುಬಿಡುತ್ತಿದ್ದರು.

ಅವರ ತಂದೆ ಮಂಚಯ್ಯ ಕಟ್ಟಾಯದ ಬಳಿಯ ಹಳ್ಳಿಯೊಂದರಲ್ಲಿ ತೋಟಿಯ ಕೆಲಸ ಮಾಡಿಕೊಂಡಿದ್ದ. ತಾಯಿ ಬೇಗ ತೀರಿಕೊಂಡಳು. ಸಾಕಿದವಳು ಅಕ್ಕ ಹೊನ್ನಕ್ಕ. ಕಂಡವರ ಹೊಲದಲ್ಲಿ ಕಳೆ ಕಿತ್ತು, ಬೆರಣಿ ತಟ್ಟಿ ಮಾರಿ, ತಮ್ಮನನ್ನು ಹಾಸನದಲ್ಲಿ ಓದಿಸಿ, ಲೋಯರ್ ಸೆಕೆಂಡರಿ ದಾಟಿಸಿದಳು. ಅವಳಿಗೆ ಮದುವೆಯೂ ಆಗಿತ್ತು. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ತಮ್ಮನ ಹಿಂದೆಯೇ ಉಳಿದಳು. ಅವನಿಗೆ ಹೊಳೆನರಸೀಪುರದ ಆದಿಕರ್ನಾಟಕ ಪಾಠಶಾಲೆಯಲ್ಲಿ ಮೇಷ್ಟ್ರ ಕೆಲಸವಾದಾಗ ಅವಳೂ ಬಂದಳು. ತಮ್ಮ ಕೋಟು ತೊಟ್ಟು ರುಮಾಲು ಸುತ್ತಿ ಶಾಲೆಗೆ ಹೊರಟ ಮೊದಲ ದಿನ ಅವಳು ಬಾಗಿಲಲ್ಲಿ ನಿಂತು ನೋಡಿದಳಂತೆ. ನೋಡಿ, "ಕೋಟು ಚೆನ್ನಾಗದೆ ಕಣ್ಲಾ. ಒಳಗೆ ಯಾರಾದ್ರೂ ಅವ್ರಾ?" ಎಂದಳಂತೆ.

ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಊರಿನ ವ್ಯಾಪಾರಿ ಗಂಗಾಧರಯ್ಯನವರು ತಮ್ಮ ಹಳೆಯ ಕೊಬ್ಬರಿ ಮಂಡಿಯನ್ನು ಖಾಲಿ ಮಾಡಿಸಿ, ಹಳ್ಳಿಗಳಿಂದ ಓದಲು ಬರುವ ಆದಿಕರ್ನಾಟಕ ಹುಡುಗರ ವಿದ್ಯಾರ್ಥಿನಿಲಯಕ್ಕೆ ಕೊಟ್ಟರು. ಹರಿಜನ ಸೇವೆಯ ಮಾತು ಎಲ್ಲ ಕಡೆಯೂ ಕೇಳಿಬರುತ್ತಿದ್ದ ಕಾಲ. ಗಂಗಾಧರಯ್ಯನವರಿಗೆ ಅದು ಬರಿಯ ಮಾತಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಬಾಡಿಗೆ ಹೆಸರಿಗೆ ಮಾತ್ರ. ಗೋಡೆಗೆ ಸುಣ್ಣ ಹೊಡೆಸಿದರು, ಹಂಚು ಕೈಯಾಡಿಸಿದರು, ಸ್ಥಳೀಕ ಸಮಿತಿಯ ಅಧ್ಯಕ್ಷರಾಗಲು ಒಪ್ಪಿದರು. ಅರಕಲಗೂಡಿನ ಕಡೆಯಿಂದ, ದಂಡಿಗನಹಳ್ಳಿಯ ಕಡೆಯಿಂದ ಹುಡುಗರು ಬಂದರು. ಕೊಬ್ಬರಿಯ ಕಮಟು ವಾಸನೆ ಗೋಡೆಯಿಂದ ಕೊನೆಗೂ ಹೋಗಲಿಲ್ಲ. ಹುಡುಗರ ಬಟ್ಟೆಗೂ ಹತ್ತಿತ್ತು. ದೇವಯ್ಯ ಮೇಷ್ಟ್ರು ನಿಲಯದ ಮೇಲ್ವಿಚಾರಕರು, ಹೊನ್ನಕ್ಕ ಅಡುಗೆಯವಳು.

ಮಂಡಿಯ ಬಾಗಿಲಿಗೆ ಎದುರಾಗಿ, ಬೀದಿಯ ಆ ಮಗ್ಗುಲಲ್ಲಿ, ಒಂದು ಬಾವಿ. ಗಂಗಾಧರಯ್ಯನವರ ತಂದೆ ಧರ್ಮಕ್ಕೆಂದು ತೋಡಿಸಿದ್ದು. ಸುತ್ತ ಚಪ್ಪಡಿ ಕಲ್ಲಿನ ಕಟ್ಟೆ, ಎರಡು ರಾಟೆ, ಬೇಸಿಗೆಯಲ್ಲೂ ಬತ್ತದ ಸಿಹಿನೀರು. ಕಟ್ಟೆಯ ಕಲ್ಲಿನಲ್ಲಿ "ಸರ್ವರ ಉಪಯೋಗಕ್ಕಾಗಿ" ಎಂದು ಕೆತ್ತಿಸಿದ್ದರು. ಆ ಸರ್ವರಲ್ಲಿ ಯಾರು ಸೇರುತ್ತಾರೆ ಎಂದು ಕೆತ್ತಿಸಿರಲಿಲ್ಲ. ಅದು ಬೀದಿಗೆ ಗೊತ್ತಿತ್ತು. ನಿಲಯದ ಹುಡುಗರಿಗೂ ಬಂದ ಮೊದಲ ದಿನವೇ ಗೊತ್ತಾಗುತ್ತಿತ್ತು. ಯಾರೂ ಬೈಯಬೇಕಾಗಿರಲಿಲ್ಲ. ಬಿಂದಿಗೆ ಹಿಡಿದು ಅತ್ತ ನಾಲ್ಕು ಹೆಜ್ಜೆ ಇಟ್ಟರೆ ರಾಟೆಯ ಸದ್ದು ನಿಲ್ಲುತ್ತಿತ್ತು, ಅಷ್ಟೇ.

ಹಾಗಾಗಿ ನಿಲಯಕ್ಕೆ ನೀರು ಹೇಮಾವತಿಯಿಂದ ಬರಬೇಕು. ಹೊಳೆಯ ದಡ ಅಲ್ಲಿಂದ ಒಂದು ಮೈಲಿಯ ಮೇಲಾಗುತ್ತಿತ್ತು. ಬೋರಪ್ಪನೆಂಬ ಗಾಡಿಯವನು ಎರಡು ಪೀಪಾಯಿ ಹೇರಿಕೊಂಡು ದಿನವೂ ಬೆಳಗ್ಗೆ ತಂದು ಸುರಿಯಲು ಒಪ್ಪಿದ. ಅವನಿಗೆ ತಿಂಗಳ ಕೂಲಿ ಕೊಡಬೇಕು. ಆ ಕೂಲಿ, ರಾಗಿ, ಹುರುಳಿ, ಚಾಪೆ, ಸೀಮೆಎಣ್ಣೆ, ಎಲ್ಲವೂ ಹಾಸನದ ಸಹಾಯಧನ ಸಮಿತಿಯಿಂದ ಮಂಜೂರಾಗಬೇಕು. ಮಂಜೂರಾಗಲು ವರ್ಷಕ್ಕೊಮ್ಮೆ ಅರ್ಜಿ. ಅರ್ಜಿಯ ಜೊತೆಗೆ ಮೂರು ಅಂಕಣದ ಪಟ್ಟಿ: ಬಾಬು, ಮೊಬಲಗು, ಕಾರಣ.

ಈ ಮೂರನೆಯ ಅಂಕಣದಲ್ಲಿ ದೇವಯ್ಯ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಕಚೇರಿಗೆ ಯಾವ ಮಾತು ಹಿತ, ಯಾವುದು ಅಹಿತ ಎಂಬುದು ಅವರಿಗೆ ಹಲ್ಲಿನ ಸಂದಿಯ ನಾರಿನಷ್ಟು ಖಚಿತವಾಗಿ ಗೊತ್ತಾಗುತ್ತಿತ್ತು. ಚಾಪೆ ಏಕೆ ಎಂದರೆ ನೆಲ ತಣ್ಣಗಿದೆ ಎನ್ನಬಾರದು, ನೆಲ ಅಧ್ಯಕ್ಷರದು. "ಶಿಸ್ತು" ಎನ್ನಬೇಕು. ತಲೆಗೆ ಎಣ್ಣೆ ಏಕೆ ಎಂದರೆ "ಶುಚಿತ್ವ". ಹೆಚ್ಚು ರಾಗಿ ಏಕೆ ಎಂದರೆ ಹುಡುಗರು ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದವರಲ್ಲ ಎನ್ನಬಾರದು, "ಬೆಳೆಯುವ ವಯಸ್ಸು" ಎನ್ನಬೇಕು.

ಮೊದಲ ಪಟ್ಟಿಯನ್ನು ಅವರು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಬರೆದರು. ಹೊನ್ನಕ್ಕ ಒಳಗೆ ಹುರುಳಿ ಕೇರುತ್ತಿದ್ದಳು.

"ಅಕ್ಕ, ಉಪ್ಪು ವರ್ಷಕ್ಕೆ ಎಷ್ಟು ಬೇಕಾದಾತು?"

"ತಂದಷ್ಟು."

"ಅಂಗಂದ್ರೆ ಆಗಾಕಿಲ್ಲ, ಬರೀಬೇಕು. ಯಾಕೆ ಬೇಕು ಅಂತಾನೂ ಬರೀಬೇಕು."

ಅವಳು ಮೊರ ನಿಲ್ಲಿಸಿದಳು. "ಉಪ್ಪು ಯಾಕೆ ಬೇಕು ಅಂತ ಬರೀಬೇಕಾ?"

"ಊಂ."

"ಓದ್ದೋರು ಕೇಳ್ತಾರಾ ಇದ್ನ?"

"ಓದ್ದೋರೇ ಕೇಳೋದು."

"ಸಪ್ಪೆ ಅಂತ ಬರಿ. ನಂಬ್ದಿದ್ರೆ ಒಂದಿನ ಬಂದು ಸಪ್ಪೆ ಸಾರ್ನಾಗೆ ಮುದ್ದೆ ನುಂಗ್ಲಿ."

ಮೇಷ್ಟ್ರು "ಆರೋಗ್ಯ" ಎಂದು ಬರೆದರು. ಆಮೇಲೆ ನೀರಿನ ಗಾಡಿಯ ಸಾಲು ಬಂತು. ಅಲ್ಲಿ ಲೇಖನಿ ಬಹಳ ಹೊತ್ತು ನಿಂತಿತು. ಕೊನೆಗೆ ಬರೆದು, ಶಾಯಿ ಆರಲೆಂದು ಊದಿದರು.

"ಏನಂತ ಬರ್ದೆ?"

"ಬಾವಿ ದೂರ ಅಂತ."

ಹೊನ್ನಕ್ಕ ಮೊರ ಕೆಳಗಿಟ್ಟು ಬಾಗಿಲ ತನಕ ಬಂದು ಬೀದಿ ನೋಡಿದಳು. "ಯಾವ ಬಾವೀಲಾ?"

"ಅದೇಯ."

"ಬೆಳಗ್ಗೆ ಇಲ್ಲೇ ಇತ್ತಲ್ಲಾ. ಯಾವಾಗ ಎದ್ದು ಓಯ್ತು?"

"ಸುಮ್ಕಿರಕ್ಕ. ನಮ್ಮನ್ನ ಬುಟ್ಕೊಳಾಕಿಲ್ಲ ಅಂತ ಬರೆಯಾಕಾಯ್ತದಾ? ಕೆಳಗೆ ಸಯಿ ಆಕೋರು ಗಂಗಾಧರಯ್ನೋರು. ಅವರ ಬಾವಿ ಮ್ಯಾಲೆ ಅವರ ಕೈಲೇ ಸಯಿ ಆಕುಸ್ಲಾ? ನಾಳೆ ಮಂಡಿ ಖಾಲಿ ಮಾಡಿ ಅಂದ್ರೆ ಈ ಐಕ್ಳನ್ನ ಎಲ್ಲಿಗೆ ಕರ್ಕೊಂಡೋಗ್ಲಿ?"

"ಅಂಗಾರೆ ಗಾಡಿ ಕೂಲಿ ಕೇಳಬ್ಯಾಡ."

"ಕೇಳ್ದಿದ್ರೆ ನೀನೇ ಹೊರ್ಬೇಕಾಯ್ತದೆ."

ಹೊನ್ನಕ್ಕ ಸ್ವಲ್ಪ ಹೊತ್ತು ಬಾವಿಯನ್ನೇ ನೋಡಿದಳು. ಬೀದಿಯ ಹೆಂಗಸೊಬ್ಬಳು ನೀರು ಸೇದಿ ಸೊಂಟಕ್ಕಿಟ್ಟುಕೊಂಡು ಹೋದಳು.

"ದೂರ ಅಂತಾನೇ ಇರ್ಲಿ ಬುಡು. ಸುಳ್ಳೇನಲ್ಲ. ನಮ್ಮೋರಲ್ಲಿ ಅಲ್ಲಿಗೋಗಿ ಬಂದೋರು ಯಾರವ್ರೆ?"

ಮೇಷ್ಟ್ರು ಇದನ್ನು ಅಕ್ಕನ ಒಪ್ಪಿಗೆ ಎಂದು ತೆಗೆದುಕೊಂಡರು. ಅವರಿಗೆ ಬೇಕಾಗಿದ್ದೂ ಅದೇ.

ಹಾಸನದಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಮೇಜಿನ ಮುಂದೆ ಕುಳಿತವರಿಗೆ ಎಲ್ಲ ಬಾವಿಯೂ ಒಂದೇ. ನಾಲ್ಕು ವರ್ಷ ಅದೇ ಮಾತನ್ನು ಬರೆದರು, ನಾಲ್ಕು ವರ್ಷವೂ ಮಂಜೂರಾಯಿತು. ಬೋರಪ್ಪನ ಗಾಡಿ ಗಡಗಡ ಎಂದು ಬರುತ್ತಿತ್ತು. ಅವನು ಬಾಯಿಗೂ ಬಿಡುವು ಕೊಡದ ಮನುಷ್ಯ. ಹೊನ್ನಕ್ಕನನ್ನು ಕಂಡರೆ, "ಏನಮ್ಮೋ, ನಿನ್ನ ತಮ್ಮ ನೀರ್ಗೂ ಕಾಗದ ಬರೀತಾನಂತೆ? ನನ್ನ ಎತ್ತಿನ ಉಚ್ಚೆಗೂ ಒಂದು ಬರ್ಸ್ಕೊಡು" ಎನ್ನುತ್ತಿದ್ದ. ಅವಳು, "ನಿನ್ನೆತ್ತಿಗಿಂತ ನೀನೇ ಹೆಚ್ಚು ಮಾಡ್ತೀಯ, ಎರಡಕ್ಕೂ ಸೇರ್ಸಿ ಬರ್ಸ್ತೀನಿ" ಎನ್ನುತ್ತಿದ್ದಳು. ಹುಡುಗರು ನಗುತ್ತಿದ್ದರು. ಬೆಳಗಿನ ಮುದ್ದೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ನಿಲಯದ ಇಬ್ಬರು ಹುಡುಗರು ಆ ವರ್ಷಗಳಲ್ಲಿ ಲೋಯರ್ ಸೆಕೆಂಡರಿ ಮುಗಿಸಿದರು.

ನಲವತ್ತೊಂದರ ಮಳೆಗಾಲದಲ್ಲಿ ಹಾಸನದ ಸಮಿತಿಗೆ ಹೊಸ ಮ್ಯಾನೇಜರು ಬಂದರು. ಶ್ರದ್ಧೆಯಿಂದ ಕೆಲಸ ಮಾಡುವ ಮನುಷ್ಯ. ಕಾಗದ ಓದಿ ಸಹಿ ಹಾಕುವುದು ಅವರ ಪದ್ಧತಿಯಲ್ಲ; ಸ್ಥಳ ನೋಡಬೇಕು. ರೈಲಿನಲ್ಲಿ ಬಂದಿಳಿದು, ನಿಲಯದ ಚಾಪೆ ಎಣಿಸಿದರು, ರಾಗಿಯ ಗುಡಾಣಕ್ಕೆ ಕೈ ಹಾಕಿ ಮೂಸಿದರು, ಒಬ್ಬ ಹುಡುಗನಿಂದ ಮಗ್ಗಿ ಹೇಳಿಸಿದರು. ಎಲ್ಲವೂ ಮೆಚ್ಚುಗೆಯಾಯಿತು. ಗಂಗಾಧರಯ್ಯನವರು ಜೊತೆಯಲ್ಲೇ ಇದ್ದರು. ಹೊರಡುವಾಗ ಮ್ಯಾನೇಜರು ಬಾಗಿಲಲ್ಲಿ ನಿಂತು ಪಟ್ಟಿ ಬಿಡಿಸಿದರು.

"ನೀರಿನ ಗಾಡಿ. ಕಾರಣ, ಬಾವಿ ದೂರ." ತಲೆಯೆತ್ತಿದರು. "ಮೇಷ್ಟ್ರೇ, ಅದೇನು ಎದುರಿಗಿರೋದು?"

ದೇವಯ್ಯ ಮೇಷ್ಟ್ರು ಎದುರಿಗಿರುವುದನ್ನು ಈಗ ತಾನೇ ಕಂಡವರಂತೆ ನೋಡಿದರು. "ಬಾವಿ ಸ್ವಾಮಿ."

"ಯಾರದ್ದು?"

"ನಮ್ಮ ತಂದೆಯವರು ಧರ್ಮಕ್ಕೆ ತೋಡಿಸಿದ್ದು," ಎಂದರು ಗಂಗಾಧರಯ್ಯ. "ಸರ್ವರಿಗೂ ಅಂತ ಬರೆಸಿದ್ದಾರೆ ನೋಡಿ. ನಮ್ಮ ಕಡೆಯಿಂದ ಯಾರಿಗೂ ಅಡ್ಡಿ ಅಂತ ಏನೂ ಇಲ್ಲ."

ಅದು ಸುಳ್ಳೆಂದು ಅವರಿಗೆ ಅನ್ನಿಸಿರಲಾರದು. ಅವರು ಯಾರನ್ನೂ ತಡೆದಿರಲಿಲ್ಲ. ತಡೆಯುವ ಕೆಲಸ ಅವರವರೆಗೆ ಬಂದೇ ಇರಲಿಲ್ಲ.

ಮ್ಯಾನೇಜರು ಕಲ್ಲಿನ ಮೇಲಿನ ಅಕ್ಷರ ಓದಿದರು. "ಹಾಗಿದ್ದ ಮೇಲೆ ದೂರ ಅಂತ ಯಾಕೆ ಬರೆದಿರಿ ಮೇಷ್ಟ್ರೇ? ಏನಾದರೂ ತೊಂದರೆ ಇದೆಯೇ? ಇದ್ದರೆ ಈಗಲೇ ಹೇಳಿ."

ಅವರು ನಿಜವಾಗಿಯೇ ಕೇಳಿದ್ದರು. ಇದನ್ನು ಮರೆಯಬಾರದು. ಅಷ್ಟು ಸರಿಯಾದ ಪ್ರಶ್ನೆಯನ್ನು ದೇವಯ್ಯ ಮೇಷ್ಟ್ರಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬಾಗಿಲ ಹಿಂದೆ ಹೊನ್ನಕ್ಕ ಮುದ್ದೆಯ ಕೋಲು ಹಿಡಿದು ನಿಂತಿದ್ದಳು. ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಗಂಗಾಧರಯ್ಯನವರು ಶಲ್ಯ ಸರಿಮಾಡಿಕೊಂಡರು.

"ಕೈತಪ್ಪು ಸ್ವಾಮಿ," ಎಂದರು ಮೇಷ್ಟ್ರು.

ಮ್ಯಾನೇಜರು ಕೆಂಪು ಪೆನ್ಸಿಲಿನಿಂದ ಆ ಸಾಲನ್ನು ಹೊಡೆದುಹಾಕಿದರು.

ಹುಡುಗರಿಗಾಗಿ ಅಂಜಿದರು ಎಂದು ಅವರ ಪರವಾಗಿ ಹೇಳುವವರಿದ್ದಾರೆ. ಇರಬಹುದು. ಅಂಜುವವನಿಗೆ ಒಳ್ಳೆಯ ಕಾರಣ ಸಿಗದೆ ಹೋದ ದಿನವನ್ನು ಯಾರೂ ಕಂಡಿಲ್ಲ.

ಆ ಸಂಜೆ ಹೊನ್ನಕ್ಕ ತಮ್ಮನಿಗೆ ಮುದ್ದೆ ಬಡಿಸಿ ಎದುರಿಗೆ ಕುಳಿತಳು. "ಬಾವಿ ಅತ್ರ ಬಂತಂತೆ?"

ಮೇಷ್ಟ್ರು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಉಣ್ಣು. ನೀರು ಮಿತವಾಗಿ ಕುಡಿ. ನಾಳೆಯಿಂದ ಗಾಡಿ ಇಲ್ಲ."

ಮರುದಿನ ಗಂಗಾಧರಯ್ಯನವರು ಮೇಷ್ಟ್ರನ್ನು ತಮ್ಮ ಹೊಸ ಮಂಡಿಗೆ ಕರೆಸಿಕೊಂಡರು. ಮುಖ ನೋಡದೆ ಮಾತಾಡಿದರು. "ನಿಮ್ಮನ್ನ ಸಿಕ್ಕಿಸಬೇಕು ಅಂತಲ್ಲ ಮೇಷ್ಟ್ರೇ. ಅವರು ಹಾಗೆ ಎದುರಿಗೆ ಕೇಳಿದರೆ ನಾನೇನು ಹೇಳಲಿ? ನನ್ನೊಬ್ಬನದೇ ಆಗಿದ್ದರೆ ಬೇರೆ ಮಾತು. ಬೀದಿಯವರೆಲ್ಲ ಸೇದೋ ನೀರು. ಒಂದು ಕೆಲಸ ಮಾಡೋಣ, ನಮ್ಮ ಶಿವಯ್ಯ ಬೆಳಗ್ಗೆ ನಾಲ್ಕು ಬಿಂದಿಗೆ ಸೇದಿ ನಿಮ್ಮ ಕೊಡಕ್ಕೆ ಸುರೀತಾನೆ. ಉಳಿದದ್ದು ಹೇಗೋ ನೋಡಿಕೊಳ್ಳಿ."

"ದೊಡ್ಡ ಉಪ್ಕಾರ ಆಯ್ತು ಬುದ್ಧಿ," ಎಂದರು ಮೇಷ್ಟ್ರು.

ಆಳು ಶಿವಯ್ಯ ದಸರೆಯ ತನಕ ಸುರಿದ. ಆಮೇಲೆ ಅವನಿಗೆ ಕೊಬ್ಬರಿ ಒಡೆಯುವ ಕೆಲಸ ಹೆಚ್ಚಾಯಿತು, ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಪೂರ್ತಿ ನಿಂತ. ಗಂಗಾಧರಯ್ಯನವರಿಗೆ ಇದು ತಿಳಿದಿತ್ತೋ ಇಲ್ಲವೋ. ಹೋಗಿ ಹೇಳಬೇಕಾದವರು ಮೇಷ್ಟ್ರು.

"ಓಗಿ ಒಂದ್ಮಾತು ಏಳ್ಲಾ," ಎನ್ನುವಳು ಹೊನ್ನಕ್ಕ.

"ನಾಳೆ ಏಳ್ತೀನಿ."

"ನಿನ್ನ ನಾಳೆ ಆ ಬಾವಿಗಿಂತ ದೂರ ಕಣ್ಲಾ."

ಅವಳು ಹೊಳೆಯಿಂದ ಹೊರಲು ಶುರುಮಾಡಿದಳು. ತಲೆಯ ಮೇಲೆ ಸಿಂಬೆ, ಅದರ ಮೇಲೊಂದು ಕೊಡ, ಸೊಂಟದಲ್ಲೊಂದು. ಬೆಳಗಿನ ಜಾವ ಹೊರಟರೆ ಬಿಸಿಲೇರುವವರೆಗೂ ಹೋಗುವುದು ಬರುವುದು ಇದೇ ಕೆಲಸ. ಹುಡುಗರು ತಾವೂ ಬರುತ್ತೇವೆಂದರೆ ಗದರುತ್ತಿದ್ದಳು. "ಓದಾಕ್ ಬಂದೋರು ಓದ್ರಿ. ನೀರೊತ್ಕೊಂಡೇ ಬಾಳೋ ಅಂಗಿದ್ರೆ ಅರಕಲಗೂಡಿಂದ ಇಲ್ಲಿಗ್ಯಾಕೆ ಬಂದ್ರಿ, ಅಲ್ಲಿ ನೀರಿರ್ನಿಲ್ವಾ?" ಪರೀಕ್ಷೆ ಇಲ್ಲದ ದೊಡ್ಡ ಹುಡುಗರಿಗೆ ಭಾನುವಾರ ಮಾತ್ರ ಅನುಮತಿ. ಮೇಷ್ಟ್ರು ಒಂದೆರಡು ಬಾರಿ ಕತ್ತಲಿರುವಾಗಲೇ ಎದ್ದು ಹೋಗಿ ತಂದರು. ಬೆಳಕು ಹರಿದ ಮೇಲೆ ಕೊಡ ಹೊತ್ತ ಮೇಷ್ಟ್ರನ್ನು ಪೇಟೆಯವರು ಕಂಡರೆ ಏನೆಂದುಕೊಂಡಾರು ಎಂಬ ಅಳುಕು. ಅದನ್ನೂ ಬಿಟ್ಟರು.

ಶಿವರಾತ್ರಿ ಕಳೆದ ಮೇಲೆ ಹೊನ್ನಕ್ಕನ ಕಾಲು ಊದಿಕೊಂಡಿತು. ಎರಡು ಮಾತಾಡಿದರೆ ಏದುಸಿರು. ಮೇಷ್ಟ್ರು ಡಾಕ್ಟರಿಗೆ ತೋರಿಸಿದರು. ಎದೆ ಬಲವಿಲ್ಲ, ಭಾರ ಹೊರಬಾರದು ಎಂದು ಡಾಕ್ಟರು ಹೇಳಿದರು. ಮೇಷ್ಟ್ರು ಹಿಂದಿರುಗುವ ದಾರಿಯುದ್ದಕ್ಕೂ ಅದನ್ನೇ ಹೇಳಿದರು.

"ಭಾರ ಒರಬ್ಯಾಡ ಅಂದವ್ರೆ, ಕೇಳ್ತಾ?"

"ಕೇಳ್ತು. ನೀರಿಲ್ದೆ ಮುದ್ದೆ ಎಂಗೆ ಕೂಡುಸ್ಲಿ? ನಿನ್ನುಗುಳ್ನಾಗಾ?"

"ಬ್ಯಾರೆ ಯಾರ್ನಾದ್ರೂ ನೋಡ್ತೀನಿ."

"ನೋಡು." ಸ್ವಲ್ಪ ದೂರ ನಡೆದು ಅವಳೇ ಮತ್ತೆ ಮಾತಾಡಿದಳು. ಈ ಬಾರಿ ದನಿಯಲ್ಲಿ ಕುಹಕವಿರಲಿಲ್ಲ. "ದೇವ, ಆವತ್ತು ಆ ಸಾಯೇಬ್ರು ಕೇಳುದ್ರಲ್ಲ, ತೊಂದ್ರೆ ಏನಾರ ಇದ್ರೆ ಏಳಿ ಅಂತ. ನಂಗೆ ಅದೇ ಗ್ಯಾನ ಬತ್ತದೆ. ಒಳ್ಳೇರಂಗೆ ಕಂಡ್ರು."

ಆ ಮೇಲೆ ಎಷ್ಟೋ ದಿನ ಮೇಷ್ಟ್ರು ಆ ದಾರಿಯನ್ನು ತಪ್ಪಿಸಿ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದರು.

ನಲವತ್ತೆರಡರ ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಆಚೆ ದಡಕ್ಕೆ ಸರಿಯಿತು. ಮರಳು ದಾಟಿ ಹೋಗಿ, ಗುಂಡಿ ತೋಡಿ, ಒಸರುವ ನೀರನ್ನು ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ಚೈತ್ರದ ಒಂದು ಬೆಳಗ್ಗೆ ಹೊಳೆಯಿಂದ ಮೇಲೆ ಬರುವ ಏರಿನಲ್ಲಿ ಹೊನ್ನಕ್ಕ ಕೊಡಗಳನ್ನು ಇಳಿಸಿ, ಕಲ್ಲಿನ ಮೇಲೆ ಕುಳಿತಳು. ಮತ್ತೆ ಏಳಲಿಲ್ಲ. ದಾರಿಯಲ್ಲಿ ಬಂದ ಬೋರಪ್ಪ ದೂರದಿಂದಲೇ ತಮಾಷೆಗೆ ಕೂಗಿದನಂತೆ. ಉತ್ತರ ಬರಲಿಲ್ಲ. ಅವಳು ಉತ್ತರ ಕೊಡದೆ ಇದ್ದದ್ದು ಅದೇ ಮೊದಲಾದ್ದರಿಂದ ಗಾಡಿ ನಿಲ್ಲಿಸಿ ಇಳಿದುಹೋಗಿ ನೋಡಿದ.

ಮೇಷ್ಟ್ರಿಗೆ ಸುದ್ದಿ ಮುಟ್ಟಿದಾಗ ಶಾಲೆಯಲ್ಲಿದ್ದರು. ಬಾಗಿಲಿಗೆ ಬೀಗ ಹಾಕುವ ಮೊದಲು, ಇನ್‌ಸ್ಪೆಕ್ಟರು ಬಂದರೆ ಇರಲಿ ಎಂದು ಮೇಜಿನ ಮೇಲೆ ರಜೆಯ ಚೀಟಿ ಬರೆದಿಟ್ಟರು. ಕಾರಣದ ಎದುರಿಗೆ "ಸ್ವಂತ ಕೆಲಸ" ಎಂದು ಬರೆದರು.

ಬೋರಪ್ಪ ಅವಳನ್ನು ಗಾಡಿಯಲ್ಲಿ ತಂದ. ಎರಡು ಕೊಡಗಳನ್ನೂ ಚೆಲ್ಲದೆ ತಂದ. ನಿಲಯದಲ್ಲಿ ಬೇರೆ ನೀರಿರಲಿಲ್ಲ. ಹಸಿದ ಚಿಕ್ಕ ಹುಡುಗರಿಗೆ ಯಾರೋ ಆ ನೀರಿನಲ್ಲೇ ಗಂಜಿ ಕಾಯಿಸಿ ಕೊಟ್ಟರು. ಮಣ್ಣು ಮಾಡುವ ಮೊದಲು ಅವಳ ಮೈ ತೊಳೆಯಲು ಮತ್ತೆ ನೀರು ಬೇಕಾಯಿತು. ಅದನ್ನೂ ಹೊಳೆಯಿಂದಲೇ ತರಬೇಕಾಯಿತು. ಬೋರಪ್ಪ ಹೋಗಿ ತಂದ. ಕಾಯುವಷ್ಟು ಹೊತ್ತೂ ಎದುರಿನ ಬಾವಿಯಲ್ಲಿ ರಾಟೆ ತಿರುಗುತ್ತಿತ್ತು. ಬೀದಿಯವರು ಕಲ್ಲುಮನಸ್ಸಿನವರೆಂದಲ್ಲ, ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ಅದು ನೀರು ಸೇದುವ ಹೊತ್ತಾಗಿತ್ತು, ಸೇದಿದರು.

ಗಂಗಾಧರಯ್ಯನವರು ಬಂದು ಬಾಗಿಲಾಚೆ ನಿಂತರು. ಬಟ್ಟೆಗೆ, ಹೂವಿಗೆ ಏನು ಬೇಕಾದರೂ ಕೇಳಿ ಎಂದರು. "ಗಟ್ಟಿ ಹೆಂಗಸು. ಹೀಗಾಗುತ್ತೆ ಅಂತ ಯಾರು ಎಣಿಸಿದ್ದರು?" ಎಂದರು. ದೇವಯ್ಯ ಮೇಷ್ಟ್ರು ಕೈ ಮುಗಿದು, "ಬುದ್ಧಿಯೋರು ಬಂದದ್ದೇ ದೊಡ್ಡದು" ಎಂದರು. ಅಕ್ಕನ ಹೆಣದ ಮುಂದೆ ನಿಂತು ಹೇಳಿದ ಮಾತು ಇದು.

ಬೇಸಿಗೆ ರಜೆ ಕಳೆದು ಹುಡುಗರು ಹಿಂದಿರುಗುವ ಹೊತ್ತಿಗೆ ಹೊಸ ಅಡುಗೆಯವಳನ್ನು ಗೊತ್ತುಮಾಡಬೇಕಾಯಿತು. ದಂಡಿಗನಹಳ್ಳಿಯ ಕಡೆಯಿಂದ ಲಕ್ಷ್ಮಿದೇವಮ್ಮ ಎಂಬ ಸಣ್ಣ ವಯಸ್ಸಿನ ಹೆಂಗಸು ಬಂದಳು. ಗಂಡ ಬಿಟ್ಟಿದ್ದ, ಮಡಿಲಲ್ಲಿ ಹಾಲು ಕುಡಿಯುವ ಮಗು. ಗಂಟು ಇಳಿಸಿ, ಮಗುವನ್ನು ಮಲಗಿಸಿ, ಒಲೆ ನೋಡಿ, ಕೊಡ ಎತ್ತಿಕೊಂಡು ಹೊರಗೆ ಬಂದಳು. "ಬಾವಿ ಎದ್ರಿಗೇ ಅದೆ, ವಾಸಿ ಆಯ್ತು," ಎನ್ನುತ್ತ ಬೀದಿಗೆ ಇಳಿದಳು.

ಮೇಷ್ಟ್ರು ಓಡಿಹೋಗಿ ಅಡ್ಡ ನಿಂತರು. "ಅದಲ್ಲ ಕಣವ್ವ."

ಅವಳು ಅವರ ಮುಖವನ್ನೂ ಬಾವಿಯನ್ನೂ ನೋಡಿದಳು. ಅರ್ಥವಾಯಿತು. ಅವಳ ಊರಿನಲ್ಲೂ ಬಾವಿಗಳಿದ್ದವು. "ಮತ್ತೆ ಯಾವ್ದು?"

"ಹೊಳೆ."

"ಎಷ್ಟು ದೂರ ಆಯ್ತದೆ ಸಾ?"

ಮೇಷ್ಟ್ರು ಬಾಯಿ ತೆರೆದರು. ಮೈಲಿಯ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ. ಅವಳು ಉತ್ತರಕ್ಕೆ ಕಾದು ನೋಡಿ, ಸಿಂಬೆ ಸುತ್ತಿಕೊಂಡು, ಯಾರನ್ನೋ ದಾರಿ ಕೇಳಿಕೊಂಡು ಹೋದಳು. ಒಳಗೆ ಮಗು ಅಳುತ್ತಿತ್ತು. ಮೇಷ್ಟ್ರು ಅದನ್ನು ಎತ್ತಿಕೊಂಡು ಅವಳು ಬರುವವರೆಗೂ ಅಂಗಳದಲ್ಲಿ ತಿರುಗಿದರು. ಬಹಳ ಹೊತ್ತು ತಿರುಗಬೇಕಾಯಿತು.

ಅದೇ ವಾರ ಪಟ್ಟಿ ಬರೆಯುವ ಸಮಯ. ಯುದ್ಧದ ಕಾಲವಾಗಿ ಕಾಗದಕ್ಕೂ ಅಭಾವ. ಹಾಸನದಿಂದ ಖಾಲಿ ಪಟ್ಟಿಯ ಒಂದೇ ಪ್ರತಿ ಬಂದಿತ್ತು. ಮೇಷ್ಟ್ರು ಎಂದಿನಂತೆ ಬರೆದರು. ಚಾಪೆ, ಶಿಸ್ತು. ತಲೆಗೆಣ್ಣೆ, ಶುಚಿತ್ವ. ಉಪ್ಪು, ಆರೋಗ್ಯ. ಹೊಡೆದುಹಾಕಿದ್ದ ನೀರಿನ ಗಾಡಿಯನ್ನು ಮತ್ತೆ ಸೇರಿಸಿ, ಕಾರಣದಲ್ಲಿ "ಕೊನೆಯ ಬಾಬು ನೋಡಿ" ಎಂದು ಬರೆದರು. ಕೊನೆಯ ಬಾಬು ಅಡುಗೆಯವರ ಸಂಬಳ. ಹಿಂದಿನವರು ಬದಲಾಗಿದ್ದರೆ ಏಕೆಂದು ತಿಳಿಸಬೇಕೆಂಬುದು ನಿಯಮ. ಅಲ್ಲಿ ಒಂದು ಸಾಲು ಬರೆದು ಮಡಿಸಿದರು. ಗಂಗಾಧರಯ್ಯನವರು ಎಲ್ಲ ವರ್ಷದಂತೆ ಈ ವರ್ಷವೂ ಓದದೆ ಸಹಿ ಹಾಕಿದರು; ಮೇಷ್ಟ್ರ ಕೈಬರಹದ ಮೇಲೆ ಅವರಿಗೆ ಅಷ್ಟು ನಂಬಿಕೆ.

ಮೂರು ವಾರದ ಮೇಲೆ ಇಬ್ಬರನ್ನೂ ಹಾಸನಕ್ಕೆ ಕರೆಸಿದರು. ಕಚೇರಿಯಲ್ಲಿ ಗಂಗಾಧರಯ್ಯನವರಿಗೆ ಕುರ್ಚಿ ಕೊಟ್ಟರು. ಮೇಷ್ಟ್ರು ಕೈಕಟ್ಟಿ ನಿಂತರು. ಮ್ಯಾನೇಜರು ಪಟ್ಟಿಯ ಮೇಲೆ ಬೆರಳಿಟ್ಟಿದ್ದರು.

"ನೀರಿನ ಗಾಡಿಗೆ ಕಾರಣ ಕೊನೆಯ ಬಾಬು ನೋಡಿ ಅಂತೀರಿ. ಕೊನೆಯ ಬಾಬಿನಲ್ಲಿ, ಅಡುಗೆಯ ಹೊನ್ನಕ್ಕ ಮೃತರಾದ್ದರಿಂದ ಬದಲಾವಣೆ. ಮರಣಕ್ಕೆ ಕಾರಣ, ನೀರು." ತಲೆಯೆತ್ತಿದರು. "ಹೊಳೆಗೆ ಬಿದ್ದರೇ?"

"ಇಲ್ಲ ಸ್ವಾಮಿ."

"ಮತ್ತೆ?"

"ನೀರು ಹೊತ್ತು."

ಗಂಗಾಧರಯ್ಯನವರು ಮುಂದಕ್ಕೆ ಬಾಗಿದರು. "ಎದೆನೋವು ಸ್ವಾಮಿ, ಹಳೇ ಕಾಯಿಲೆ. ಮೇಷ್ಟ್ರಿಗೆ ಸ್ವಂತ ಅಕ್ಕ, ದುಃಖದಲ್ಲಿ ಏನೋ ಬರೆದುಬಿಟ್ಟಿದ್ದಾರೆ. ನಾನೂ ನೋಡಲಿಲ್ಲ." ಮೇಷ್ಟ್ರ ಕಡೆ ತಿರುಗಿ ದನಿ ತಗ್ಗಿಸಿದರು. "ಮೇಷ್ಟ್ರೇ, ಆ ಹುಡುಗರ ಮುಖವಾದರೂ ನೋಡಿ."

ಮ್ಯಾನೇಜರು ಇಬ್ಬರನ್ನೂ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ ಹೇಳುವುದು ಕಷ್ಟ. "ನೋಡಿ ಮೇಷ್ಟ್ರೇ, ಇದು ಹೀಗೇ ಇದ್ದರೆ ನಾನು ತನಿಖೆಗೆ ಕಳಿಸಲೇಬೇಕಾಗುತ್ತೆ. ಬಾವಿ ಯಾರದು, ಏನು, ಎತ್ತ, ಎಲ್ಲ ಬರುತ್ತೆ. ಅದು ಮುಗಿಯೋವರೆಗೆ ಈ ವರ್ಷದ ಹಣ ಬಿಡುಗಡೆ ಮಾಡೋಕೆ ನನ್ನ ಕೈಲಾಗೋಲ್ಲ. ನಿಮ್ಮ ನಿಲಯ ನಿಲ್ಲಬಹುದು. ಎದೆನೋವು ಅಂತ ತಿದ್ದಿ, ಪಕ್ಕದಲ್ಲಿ ಒಂದು ಸಹಿ ಹಾಕಿಬಿಡಿ. ಇವತ್ತೇ ಮುಗಿಸಿಕೊಡ್ತೀನಿ."

ಅವರು ಪಟ್ಟಿಯನ್ನು ಮೇಷ್ಟ್ರ ಕಡೆಗೆ ತಿರುಗಿಸಿ, ಲೇಖನಿಯನ್ನು ಶಾಯಿಗೆ ಅದ್ದಿ ಕೈಗೆ ಕೊಟ್ಟರು.

ಮೇಷ್ಟ್ರು ಲೇಖನಿ ತೆಗೆದುಕೊಂಡರು. ಅವರಿಗೆ ಆಗಲೂ ಅಂಜಿಕೆಯಾಗಿತ್ತು. ಲೇಖನಿಯಿಂದ ಒಂದು ಹನಿ ಶಾಯಿ ಮೇಜಿನ ಮೇಲೆ ಬಿತ್ತು. ಅದನ್ನು ಅವರು ಕೋಟಿನ ತೋಳಿನಿಂದ ಒರೆಸಿದರು. ಲೇಖನಿಯ ಮೊನೆಯನ್ನೂ ಒರೆಸಿ ಕೆಳಗಿಟ್ಟರು. ಆಮೇಲೆ ಶಾಯಿಕುಡಿಕೆಯ ಮುಚ್ಚಳ ಹಾಕಿ, ಅದನ್ನು ಮೆಲ್ಲಗೆ ಮ್ಯಾನೇಜರ ಕಡೆಗೆ ಸರಿಸಿದರು.